ಡಬ್ಬಿ ಒಡೆಯದ ಗೊಂಬೆ

1964ರಲ್ಲಿ ಅಮೆರಿಕದ ಹಾಸ್ಬ್ರೋ ಕಂಪನಿಗೆ ಒಂದು ವಿಚಿತ್ರ ತಲೆನೋವು ಬಂದಿತ್ತು. ಅದಕ್ಕೂ ಐದು ವರ್ಷ ಮೊದಲು, 1959ರಲ್ಲಿ, ಮ್ಯಾಟೆಲ್‌ನವರು ಬಾರ್ಬಿಯನ್ನು ತಂದು ಹೆಣ್ಣುಮಕ್ಕಳ ಮಾರುಕಟ್ಟೆಯನ್ನು ಬಾಚಿಕೊಂಡಿದ್ದರು. ಗಂಡುಮಕ್ಕಳಿಗೂ ಅಂಥದ್ದೇ ಒಂದನ್ನು ಮಾರಬೇಕು. ಬಟ್ಟೆ ಬದಲಿಸಬಹುದಾದ, ಕೈಕಾಲು ಆಡಿಸಬಹುದಾದ ಒಬ್ಬ ಸೈನಿಕ ರೆಡಿ ಇದ್ದ. ಆದರೆ ಅವನನ್ನು ‘ಗೊಂಬೆ’ ಅಂದುಬಿಟ್ಟರೆ ಯಾವ ಅಪ್ಪನೂ ಮಗನಿಗೆ ಕೊಡಿಸುವುದಿಲ್ಲ ಅನ್ನೋದು ಅವರ ಭಯ. ಅದಕ್ಕೇ ಹೊಸ ಹೆಸರು ಹುಟ್ಟಿತು: ‘ಆ್ಯಕ್ಷನ್ ಫಿಗರ್’. ಸೈನಿಕನ ಹೆಸರು ಜಿ.ಐ. ಜೋ. ಎತ್ತರ ಹನ್ನೆರಡು ಇಂಚು, ಮೈಯಲ್ಲಿ 21 ಕಡೆ ಆಡುವ ಕೀಲುಗಳು. ಗೊಂಬೆಯನ್ನು ಗೊಂಬೆ ಅನ್ನಬಾರದು ಅಂತ ಮಾಡಿದ ಈ ಜಾಹೀರಾತಿನ ಜಾಣತನವೇ ಇವತ್ತು ನನ್ನಂಥವರ ಸಂಬಳದ ಒಂದು ಭಾಗವನ್ನು ತಿಂಗಳು ತಿಂಗಳು ನುಂಗುತ್ತಿದೆ.

ನನ್ನ ಹವ್ಯಾಸ ಗೊತ್ತಿಲ್ಲದವರಿಗೆ ಎರಡು ಮಾತು. ಊರು ಇಳಕಲ್ಲು, ನೌಕರಿ ಬೆಂಗಳೂರು. ಕಾರ್ಟೂನು, ಕಾಮಿಕ್ಸ್ ಪಾತ್ರಗಳ ಗೊಂಬೆ ಕೂಡಿಸೋದು, ಅವುಗಳ ಬಗ್ಗೆ ರಿವ್ಯೂ ಬರೆಯೋದು ಎಂಟು ವರ್ಷದ ಚಟ. ರಿವ್ಯೂ ಬರೆಯೋರಿಗೆಲ್ಲ ಒಂದು ಅಲಿಖಿತ ಪಟ್ಟಿ ಇರುತ್ತೆ. ಮೊದಲು ಕೆತ್ತನೆ: ಮುಖ ಪಾತ್ರದ ಮುಖದ ಹಾಗೆ ಇದೆಯಾ? ಆಮೇಲೆ ಬಣ್ಣ, ಕೀಲು, ಜೊತೆಗೆ ಬರುವ ಆಯುಧ-ವಾಹನ. ಕೊನೆಗೆ ಡಬ್ಬಿ, ಅದರ ಹಿಂದೆ ಬರೆದ ವಿವರ. ಐದಕ್ಕೂ ಅಂಕ ಕೊಟ್ಟು ಕೂಡಿಸಿದರೆ ರಿವ್ಯೂ ಮುಗೀತು. ಈ ಸಲ ಅದೇ ಪಟ್ಟಿ ಹಿಡಕೊಂಡು ನಮ್ಮ ಜಿಲ್ಲೆಯನ್ನು ಸುತ್ತಿದೆ. ತಮಾಷೆಗೆ ಶುರು ಮಾಡಿದ್ದು, ಆದರೆ ಪಟ್ಟಿ ಎಲ್ಲೂ ಕೈಕೊಡಲಿಲ್ಲ.

ಬಾದಾಮಿಯಿಂದಲೇ ಶುರು ಮಾಡೋಣ. ಮೊದಲನೇ ಗುಹೆಗೆ ಹೋದರೆ ಬಲಗಡೆ ಬಂಡೆಯ ಮೇಲೆ ಹದಿನೆಂಟು ಕೈಯ ನಟರಾಜ. ಕಲ್ಲಿಗೆ ಕೀಲು ಇರೋದಿಲ್ಲ, ಸರಿ. ಆದರೆ ಅಲ್ಲಿನ ಗೈಡ್‌ಗಳು ಬಂದವರಿಗೆಲ್ಲ ಒಂದು ಲೆಕ್ಕ ಹೇಳುತ್ತಾರೆ: ಎಡಗಡೆ ಒಂಬತ್ತು ಕೈ, ಬಲಗಡೆ ಒಂಬತ್ತು ಕೈ, ಒಂದೊಂದನ್ನೇ ಜೋಡಿ ಮಾಡಿ ನೋಡಿದರೆ 81 ಭಂಗಿ. ಇದು ಶಿಲ್ಪಶಾಸ್ತ್ರದ ಮಾತೋ ಗೈಡ್‌ಗಳ ಗಣಿತವೋ, ಅದು ಬೇರೆ ಚರ್ಚೆ. ನೋಡುವವನ ಕಣ್ಣಿಗೇ ಕೀಲು ಹಾಕಿ ಕಲ್ಲನ್ನು ಆಡಿಸೋ ಯೋಚನೆ ಮಾತ್ರ ನನಗೆ ತುಂಬಾ ಹಿಡಿಸಿತು. ಅದೇ ಗುಹೆಯಲ್ಲಿ ದ್ವಾರಪಾಲಕನ ಕೆಳಗೆ ಇನ್ನೊಂದು ಚಮತ್ಕಾರ ಇದೆ. ಒಂದೇ ತಲೆ, ಎರಡು ಮೈ. ಒಂದು ಕಡೆ ಮೈ ಮುಚ್ಚಿ ನೋಡಿದರೆ ಆನೆ, ಇನ್ನೊಂದು ಕಡೆ ಮುಚ್ಚಿದರೆ ಬಸವ. 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಬಂದಾಗ ಲಾರಿ ರೋಬೋ ಆಗೋದನ್ನು ನೋಡಿ ಜಗತ್ತೇ ಬಾಯಿ ಬಿಟ್ಟಿತ್ತು. ಬಾದಾಮಿಯ ಕಲ್ಲುಕುಟಿಗ ಅದೇ ಖುಷಿಯನ್ನು ಒಂದು ಅಂಗೈ ಅಡ್ಡ ಇಟ್ಟು ತೋರಿಸಿಬಿಟ್ಟಿದ್ದ. ಪಕ್ಕದಲ್ಲೇ ಹರಿಹರ, ಅರ್ಧನಾರೀಶ್ವರ. ಅರ್ಧ ಮೈ ಒಬ್ಬರದು, ಅರ್ಧ ಮೈ ಇನ್ನೊಬ್ಬರದು. ಎಡಕ್ಕೆ ಒಂದು ಥರದ ಕಿರೀಟ, ಬಲಕ್ಕೆ ಇನ್ನೊಂದು ಥರದ ಜಟೆ. ನಡುವಿನ ಗೆರೆ ಎಲ್ಲಿ ಹಾದುಹೋಗಬೇಕು ಅನ್ನೋದರಲ್ಲಿ ಶಿಲ್ಪಿಗೆ ಗೊಂದಲವೇ ಇಲ್ಲ.

ಮೂರನೇ ಗುಹೆಯದು ದಿನಾಂಕ ಇರುವ ಕೆಲಸ. ಚಾಲುಕ್ಯರ ಮಂಗಳೇಶ ಅಣ್ಣ ಕೀರ್ತಿವರ್ಮನ ಕಾಲದಲ್ಲಿ ಮಾಡಿಸಿದ್ದು, ಶಕವರ್ಷ 500, ಅಂದರೆ ಕ್ರಿ.ಶ. 578. ಒಂದೇ ವಿಷ್ಣು ಅಲ್ಲಿ ಎಷ್ಟು ‘ವೇರಿಯಂಟ್’ಗಳಲ್ಲಿದ್ದಾನೆ ನೋಡಿ: ಹಾವಿನ ಮೇಲೆ ಕೂತವನು, ಹಂದಿಮೊಗದ ವರಾಹ, ನಿಂತ ನರಸಿಂಹ, ಒಂದು ಕಾಲನ್ನು ಆಕಾಶಕ್ಕೆ ಎತ್ತಿದ ತ್ರಿವಿಕ್ರಮ. ಮುಖ, ಮೈ, ನಿಲುವು ಎಲ್ಲಾ ಬದಲಾದರೂ ನಿಮಗೆ ವಿಷ್ಣು ಅಂತ ಗೊತ್ತಾಗೋದು ಹೇಗೆ? ಶಂಖ, ಚಕ್ರ. ಆಯುಧ ಕಳೆದರೆ ಗುರುತೇ ಕಳೆಯಿತು. ಹಳೇ ಗೊಂಬೆ ಕೊಳ್ಳೋವಾಗ ನಾವು ಮೊದಲು ಕೇಳೋ ಪ್ರಶ್ನೆಯೂ ಅದೇ: ಕತ್ತಿ ಇದೆಯಾ, ಗುರಾಣಿ ಇದೆಯಾ? ಕತ್ತಿ ಕಳೆದ ಹೀ-ಮ್ಯಾನ್‌ಗೆ ಅರ್ಧ ರೇಟೂ ಬರೋದಿಲ್ಲ.

ಹುನಗುಂದ ತಾಲ್ಲೂಕಿನ ಐಹೊಳೆಗೆ ಬಂದರೆ ಅಲ್ಲಿನ ರಾವಣಫಡಿ ಗುಹೆಯಲ್ಲಿ ಹತ್ತು ಕೈಯ ಶಿವ ಕುಣಿಯುತ್ತಿದ್ದಾನೆ. ಸುತ್ತ ಸಪ್ತಮಾತೃಕೆಯರು. ಸೆಟ್ ಅಂದರೆ ಇದು! ಏಳು ಜನ, ಶಾಸ್ತ್ರದ ಪ್ರಕಾರ ಒಬ್ಬೊಬ್ಬರಿಗೂ ಒಂದೊಂದು ಆಯುಧ, ಒಂದೊಂದು ವಾಹನ. ಆರು ಇದ್ದು ಒಂದು ಇಲ್ಲದಿದ್ದರೆ ಅದು ಸಪ್ತಮಾತೃಕೆ ಆಗೋದೇ ಇಲ್ಲ. ‘ಎಲ್ಲವನ್ನೂ ಕೂಡಿಸಿ’ ಅಂತ ಡಬ್ಬಿಯ ಹಿಂದೆ ಬರೆಯೋ ಆಸೆಬುರುಕ ಮಾತು ಇಲ್ಲಿ ಪೂಜೆಯ ನಿಯಮವೇ ಆಗಿದೆ.

ಇನ್ನು ಕಾಮಿಕ್ಸ್. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಎಂಟನೇ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದಳು, ಗಂಡ ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ. ಒಳಗಿನ ಕಂಬಗಳ ಮೇಲೆ ರಾಮಾಯಣ, ಮಹಾಭಾರತದ ಕತೆಗಳು ಪಟ್ಟಿಪಟ್ಟಿಯಾಗಿ ಸಾಗುತ್ತವೆ. ರಾವಣನ ಮೇಲೆ ಎರಗುವ ಜಟಾಯು ಇದೆ, ಬಾಣದ ಹಾಸಿಗೆಯ ಭೀಷ್ಮ ಇದ್ದಾನೆ. ಸ್ವಲ್ಪ ದೂರದ ಪಾಪನಾಥ ಗುಡಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಹೊರಗೋಡೆಯ ರಾಮಾಯಣದಲ್ಲಿ ಪಾತ್ರಗಳ ಹೆಸರನ್ನೇ ಕೆತ್ತಿದ್ದಾರೆ. ಚಿತ್ರ, ಅದರ ಪಕ್ಕ ಹೆಸರು, ಮುಂದಿನ ಚಿತ್ರ. ಇದನ್ನು ಕಾಮಿಕ್ಸ್ ಅಂದರೆ ಇತಿಹಾಸದ ಮೇಷ್ಟ್ರುಗಳು ಬೈಯಬಹುದು. ಹಾಗಾದರೆ ಬೇರೇನು ಅನ್ನಬೇಕು ಅಂತ ಅವರೇ ಹೇಳಲಿ. ಮಾಡಿದವರ ಹೆಸರೂ ಇಲ್ಲಿ ಮರೆಯಾಗಿಲ್ಲ. ವಿರೂಪಾಕ್ಷ ಗುಡಿಯ ಸೂತ್ರಧಾರಿ ಗುಂಡ ಅನಿವಾರಿತಾಚಾರಿಗೆ ‘ತ್ರಿಭುವನಾಚಾರಿ’ ಅನ್ನೋ ಬಿರುದು ಸಿಕ್ಕಿದ್ದು ಅಲ್ಲಿನ ಶಾಸನದಲ್ಲೇ ಇದೆ. ನನ್ನ ಕಪಾಟಿನಲ್ಲಿರುವ ಎಷ್ಟೋ ಡಬ್ಬಿಗಳ ಮೇಲೆ ಕೆತ್ತಿದವನ ಹೆಸರು ಭೂತಗನ್ನಡಿ ಹಾಕಿ ಹುಡುಕಿದರೂ ಸಿಗೋದಿಲ್ಲ.

ಡಬ್ಬಿಯ ಹಿಂದಿನ ಬರಹಕ್ಕೂ ಬಾದಾಮಿಯಲ್ಲಿ ಉದಾಹರಣೆ ಇದೆ. 1982ರಲ್ಲಿ ಜಿ.ಐ. ಜೋ ಸಣ್ಣ ಸೈಜಿನಲ್ಲಿ ಮರಳಿ ಬಂದಾಗ ಪ್ರತಿ ಪಾತ್ರದ ಡಬ್ಬಿಯ ಹಿಂದೆ ಕತ್ತರಿಸಿ ಇಟ್ಟುಕೊಳ್ಳೋ ಒಂದು ‘ಫೈಲ್ ಕಾರ್ಡ್’ ಇರುತ್ತಿತ್ತು. ಹೆಸರು, ಹುಟ್ಟೂರು, ಪರಿಣತಿ, ಸ್ವಭಾವ ಎಲ್ಲಾ ನಾಲ್ಕೈದು ಸಾಲಲ್ಲಿ. ಬರೆದವನು ಮಾರ್ವೆಲ್ ಕಾಮಿಕ್ಸಿನ ಲ್ಯಾರಿ ಹಾಮಾ. ಈಗ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ನೆನಪಿಸಿಕೊಳ್ಳಿ. ಕ್ರಿ.ಶ. 700ರ ಆಸುಪಾಸಿನದು, ಕನ್ನಡದ ತುಂಬಾ ಹಳೆಯ ತ್ರಿಪದಿಗಳು ಇರುವುದು ಅದರಲ್ಲೇ. ಆ ಮನುಷ್ಯ ಯಾರು, ಒಳ್ಳೆಯವರಿಗೆ ಹೇಗೆ, ಕೆಡುಕರಿಗೆ ಹೇಗೆ ಅನ್ನೋದನ್ನು ಕೆಲವೇ ಸಾಲುಗಳಲ್ಲಿ ಹೇಳಿ ಮುಗಿಸಿದೆ. ಯುದ್ಧದ ಪಟ್ಟಿ ಇಲ್ಲ, ವಂಶಾವಳಿ ಇಲ್ಲ, ಆದರೂ ಅರಭಟ್ಟ ಕಣ್ಣಿಗೆ ಕಟ್ಟುತ್ತಾನೆ. ಫೈಲ್ ಕಾರ್ಡ್ ಬರೆಯೋರಿಗೆ ನಾನು ತೋರಿಸೋ ಮಾದರಿ ಇದೇ.

ಇಲ್ಲಿ ಒಂದು ದೊಡ್ಡ ವ್ಯತ್ಯಾಸವೂ ಇದೆ. ನಮ್ಮಲ್ಲಿ ಕತೆ ಮೊದಲು, ಮೂರ್ತಿ ಆಮೇಲೆ. ಪ್ಲಾಸ್ಟಿಕ್ ಲೋಕದಲ್ಲಿ ಎಷ್ಟೋ ಸಲ ಇದು ಉಲ್ಟಾ. 1977ರಲ್ಲಿ ಸ್ಟಾರ್ ವಾರ್ಸ್ ಸಿನಿಮಾ ಇಷ್ಟು ಓಡುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ. ಕೆನ್ನರ್ ಕಂಪನಿಯ ಗೊಂಬೆಗಳು ಕ್ರಿಸ್ಮಸ್ಸಿಗೆ ತಯಾರೇ ಆಗಲಿಲ್ಲ. ಅವರು ಏನು ಮಾಡಿದರು ಹೇಳಿ? ಗೊಂಬೆ ಇಲ್ಲದ ಒಂದು ಡಬ್ಬಿ ಮಾರಿದರು. ಒಳಗೆ ಒಂದು ಚೀಟಿ, ಕಳಿಸಿದರೆ 1978ರಲ್ಲಿ ಗೊಂಬೆ ಮನೆಗೆ ಬರುತ್ತೆ. ಬಂದವು ಮೂರೂಮುಕ್ಕಾಲು ಇಂಚಿನ ಪುಟಾಣಿಗಳು, ಅಂಗೈಯಲ್ಲಿ ಹಿಡಿಸುವಂಥವು. ಆ ಅಳತೆಯೇ ಮುಂದೆ ಇಡೀ ಉದ್ಯಮದ ಅಳತೆ ಆಯಿತು. 1982ರ ಹೀ-ಮ್ಯಾನ್ ಅಂತೂ ಮೊದಲು ಬೊಂಬೆಯಾಗಿಯೇ ಹುಟ್ಟಿದವನು. ಅವನ ಕತೆಯನ್ನು ಸಣ್ಣ ಕಾಮಿಕ್ಸ್ ಪುಸ್ತಕ ಮಾಡಿ ಡಬ್ಬಿಯೊಳಗೆ ಇಟ್ಟರು, ಟಿವಿ ಕಾರ್ಟೂನ್ ಬಂದದ್ದು 1983ರಲ್ಲಿ. ಖರ್ಚು ಉಳಿಸೋಕೆ ಒಂದೇ ಮೈಯ ಅಚ್ಚನ್ನು ಹತ್ತಾರು ಪಾತ್ರಗಳಿಗೆ ಬಳಸಿದರು. ಹೀ-ಮ್ಯಾನ್‌ಗೇ ನೀಲಿ ಬಣ್ಣ ಬಳಿದು, ಖಳನಾಯಕನ ಎದೆಕವಚ ತೊಡಿಸಿ ‘ಫೇಕರ್’ ಅಂತ ಹೊಸ ಹೆಸರಲ್ಲಿ ಮಾರಿದ್ದೂ ಉಂಟು. ನಕಲಿ ಅನ್ನೋದನ್ನು ಹೆಸರಲ್ಲೇ ಒಪ್ಪಿಕೊಂಡ ಪ್ರಾಮಾಣಿಕತೆಗೆ ನನ್ನ ಪೂರ್ತಿ ಅಂಕ.

ನಮ್ಮ ದೇಶಕ್ಕೆ ಈ ಹುಚ್ಚು ಸರಿಯಾಗಿ ತಟ್ಟಿದ್ದು ದೂರದರ್ಶನದ ಕಾಲದಲ್ಲಿ. ಹೀ-ಮ್ಯಾನ್, ಸ್ಪೈಡರ್‌ಮ್ಯಾನ್, ಮೋಗ್ಲಿ ಎಲ್ಲಾ ಒಂದೇ ಡಬ್ಬಿ ಟಿವಿಯಿಂದ ಹೊರಬಂದವರು. 1987ರಲ್ಲಿ ಟೈರ್ ಮಾಡೋ ಎಂ.ಆರ್.ಎಫ್. ಮತ್ತು ಹಾಸ್ಬ್ರೋ ಕೂಡಿ ಫನ್‌ಸ್ಕೂಲ್ ಕಂಪನಿ ಶುರು ಮಾಡಿದವು. ಗೋವಾದಲ್ಲಿ ಫ್ಯಾಕ್ಟರಿ. ಬಾಗಲಕೋಟೆ, ವಿಜಯಪುರದ ಕಡೆಯ ಎಷ್ಟೋ ಜನ ದುಡಿಯೋಕೆ ಹೋಗುವ ಅದೇ ಗೋವಾ. ಅಮೆರಿಕದಲ್ಲಿ ಕೆಲಸ ಮುಗಿದ ಜಿ.ಐ. ಜೋ ಅಚ್ಚುಗಳು ಇಲ್ಲಿಗೆ ಬಂದು ಮತ್ತೆ ದುಡಿದವು. ಇಲ್ಲಿನವರು ಹಾಕಿದ ಬಣ್ಣಗಳು ಮೂಲಕ್ಕೆ ಹೊಂದುತ್ತಿರಲಿಲ್ಲ, ಕೈಕಾಲಿನ ಜೋಡಣೆ ಕೂಡ ಬೇರೆ. ಅವತ್ತು ತಪ್ಪು ಅನಿಸಿದ ಆ ಬಣ್ಣಗಳನ್ನೇ ಇವತ್ತು ವಿದೇಶದ ಸಂಗ್ರಾಹಕರು ಹುಡುಕಿ ಹುಡುಕಿ ಕೊಳ್ಳುತ್ತಾರೆ.

ನಮ್ಮದೇ ಕಾಮಿಕ್ಸ್ ನಾಯಕರಿಗೆ ಮಾತ್ರ ಈ ಭಾಗ್ಯ ಬರಲಿಲ್ಲ. ಕಾರ್ಕಳದ ಅನಂತ ಪೈ 1967ರಲ್ಲಿ ಅಮರ ಚಿತ್ರ ಕಥೆ ಶುರು ಮಾಡಿ ಪುರಾಣವನ್ನೆಲ್ಲ ಚೌಕಟ್ಟಿಗೆ ಹಾಕಿದರು. ಬಾಲಮಂಗಳದ ‘ಡಿಂಗ’ ಅನ್ನೋ ಇಲಿ ಸೂಪರ್‌ಹೀರೋಗೆ ಕಾಯದ ಕನ್ನಡದ ಮಗು ನನ್ನ ಓರಗೆಯಲ್ಲಿ ಇರಲಿಕ್ಕಿಲ್ಲ. ಆದರೆ ಡಿಂಗನ ಗೊಂಬೆಯನ್ನು ಯಾವ ಅಂಗಡಿಯಲ್ಲೂ ನಾನು ಕಂಡಿಲ್ಲ. ಸಿಕ್ಕರೆ ಹೇಳಿ, ರೇಟ್ ಕೇಳೋದಿಲ್ಲ.

ನಮಗೆ ಸಿಗುತ್ತಿದ್ದದ್ದು ಬನಶಂಕರಿ ಜಾತ್ರೆಯ ಮಾಲು. ಬಾದಾಮಿ ಹತ್ತಿರ ಬನದ ಹುಣ್ಣಿಮೆಗೆ ಶುರುವಾಗಿ ವಾರಗಟ್ಟಲೆ ನಡೆಯೋ ಜಾತ್ರೆ ಅದು. ನಾಟಕ ಕಂಪನಿಗಳು, ಬಾಗಿಲು-ಚೌಕಟ್ಟಿನ ಸಾಲು, ಮಿಠಾಯಿ, ಬಳೆ, ಅದರ ನಡುವೆ ಆಟಿಗೆ ಸಾಮಾನಿನ ಅಂಗಡಿ. ಅಲ್ಲಿ ಸ್ಪೈಡರ್‌ಮ್ಯಾನ್ ಹಸಿರು ಬಣ್ಣದಲ್ಲಿ ಇರುತ್ತಿದ್ದ, ಬ್ಯಾಟ್‌ಮ್ಯಾನ್ ಕೈಯಲ್ಲಿ ಗದೆ ಇರುತ್ತಿತ್ತು. ರಿವ್ಯೂ ಪಟ್ಟಿಯ ಪ್ರಕಾರ ಸೊನ್ನೆ. ಆದರೆ ಬ್ಯಾಟ್‌ಮ್ಯಾನ್‌ಗೆ ಗದೆ ಕೊಟ್ಟವನು ಯಾರೇ ಆಗಿರಲಿ, ನಮ್ಮ ಕಡೆ ಬಲಶಾಲಿ ಅಂದರೆ ಕೈಯಲ್ಲಿ ಏನು ಇರಬೇಕು ಅನ್ನೋದು ಅವನಿಗೆ ಗೊತ್ತಿತ್ತು. ಹನುಮಪ್ಪ, ಭೀಮ ಇಬ್ಬರನ್ನೂ ಅವನು ನೋಡಿದ್ದ.

ಬಣ್ಣ, ಕೀಲು ಎರಡಕ್ಕೂ ಇಳಕಲ್ಲಿನಿಂದ ದೂರ ಹೋಗಬೇಕಿಲ್ಲ. ಕುಷ್ಟಗಿ ದಾಟಿದರೆ ಕೊಪ್ಪಳದ ಸೀಮೆ, ಅಲ್ಲಿ ಕಿನ್ನಾಳ. ಚಿತ್ರಗಾರ ಮನೆತನದವರು ಹಗುರ ಮರಕ್ಕೆ ಹುಣಸೆಬೀಜದ ಅಂಟು, ಗೋಣಿ ಚಿಂದಿ, ಮರದ ಹೊಟ್ಟು ಸೇರಿಸಿ ಮೈ ತಿದ್ದಿ, ಕಲ್ಲಿನ ಪುಡಿಯ ಬಿಳಿ ಲೇಪ ಕೊಟ್ಟು, ಅದರ ಮೇಲೆ ಬಣ್ಣ ಹಚ್ಚುತ್ತಾರೆ. ಆ ಕೆಂಪು, ಆ ಹಸಿರಿನ ಮುಂದೆ ನನ್ನ ಜಪಾನೀ ಗೊಂಬೆಗಳು ಸಪ್ಪೆ. ಕೀಲಿನ ಮಾತಿಗೆ ಬಂದರೆ ಕಿಳ್ಳೇಕ್ಯಾತರ ತೊಗಲುಗೊಂಬೆ. ತೊಗಲಿನ ಕೈಕಾಲನ್ನು ದಾರದಲ್ಲಿ ಕೂಡಿಸಿ ಪರದೆಯ ಹಿಂದೆ ಕುಣಿಸುವ ವಿದ್ಯೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರಿಗೆ ತೊಂಬತ್ತು ದಾಟಿತ್ತು. 21 ಕೀಲಿನ ಜೋ ತಾನಾಗಿ ಒಂದು ಹೆಜ್ಜೆಯೂ ಇಡಲಾರ. ಭೀಮವ್ವನ ಗೊಂಬೆಯೂ ಇಡಲಾರದು, ಆದರೆ ಅದನ್ನು ಆಡಿಸೋ ಕೈ, ಹಾಡೋ ಗಂಟಲು ಆ ಗೊಂಬೆಯ ಭಾಗವೇ ಆಗಿವೆ.

ಈಗ ಬಂತು ನನ್ನ ಪಟ್ಟಿಗೆ ಸಿಗದೇ ಹೋದ ವಿಷಯ. ನಮ್ಮ ಕಡೆ ವರ್ಷವಿಡೀ ಗೊಂಬೆ ಮಾಡುತ್ತಾರೆ, ಆದರೆ ಇಟ್ಟುಕೊಳ್ಳೋಕೆ ಅಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಜೋಡೆತ್ತು, ಮುಂದೊಂದು ಗ್ವಾದಲಿ, ಪೂಜೆ ಮುಗಿದ ಮೇಲೆ ಮಕ್ಕಳ ಕೈಗೆ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ. ಭಾದ್ರಪದದಲ್ಲಿ ಬುಟ್ಟಿಯಲ್ಲಿ ಬೇವಿನೆಲೆಯ ನಡುವೆ ಕೂತು ಮನೆಮನೆಗೆ ಬರುವ ಜೋಕುಮಾರ. ಏಳೇ ದಿನ ಅವನ ಆಯುಷ್ಯ. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ: ಆನೆ, ಒಂಟೆ, ನವಿಲು, ತೇರು. ಗೌರಿಗೆ ಬೆಳಗಿ, ಆಮೇಲೆ ತಿಂದುಬಿಡೋದು. ಸೊಸೆಯಾಗಿ ಬರೋ ಹುಡುಗಿಗೆ ಬೀಗರ ಕಡೆಯಿಂದ ಸೀರೆಯ ಜೊತೆ ಇದೇ ಸಕ್ಕರೆ ಗೊಂಬೆಗಳು ಬರುತ್ತವೆ.

ಸಕ್ಕರೆ ಗೊಂಬೆ ಮಾಡೋದನ್ನು ನೋಡಿದರೆ ಫನ್‌ಸ್ಕೂಲ್ ಫ್ಯಾಕ್ಟರಿ ನೆನಪಾಗಬೇಕು. ಸಾಗವಾನಿಯ ಎರಡು ಹೋಳಿನ ಅಚ್ಚು. ಮೊದಲು ನೀರಲ್ಲಿ ನೆನೆಹಾಕಬೇಕು, ಇಲ್ಲದಿದ್ದರೆ ಸಕ್ಕರೆ ಅಂಟುತ್ತೆ. ಪಾಕ ಕಾಯಿಸಿ, ಹಾಲು ಹಾಕಿ ಹೊಲಸು ತೆಗೆದು, ಹೋಳುಗಳನ್ನು ದಾರದಿಂದ ಬಿಗಿದು ಬಾಯಲ್ಲಿ ಹೊಯ್ಯೋದು. ಕೆಲವೇ ನಿಮಿಷ. ಬಿಚ್ಚಿದರೆ ಒಂಟೆ ರೆಡಿ, ಬೆನ್ನ ಮೇಲೆ ಎರಡು ಹೋಳು ಕೂಡಿದ ಗೆರೆಯ ಸಮೇತ. ಪ್ಲಾಸ್ಟಿಕ್ ಗೊಂಬೆಯ ಪಕ್ಕೆಯಲ್ಲೂ ಅದೇ ಗೆರೆ ಇರುತ್ತೆ. ರಿವ್ಯೂನಲ್ಲಿ ನಾವು ಅದಕ್ಕೆ ಅಂಕ ಕಳೆಯುತ್ತೇವೆ.

ಬಾಗಲಕೋಟೆಯಲ್ಲಿರುವ ನಮ್ಮ ಅತ್ತಿಯ ಮನೆಯಲ್ಲಿ ಇಂಥ ಹನ್ನೊಂದು ಅಚ್ಚು ಇವೆ. ಆಲಮಟ್ಟಿ ಹಿನ್ನೀರು ಬಂದು ಹಳೇ ಊರಿನ ಮನೆ ಬಿಡಬೇಕಾದಾಗ ನವನಗರಕ್ಕೆ ಹೊತ್ತು ತಂದ ಸಾಮಾನಿನಲ್ಲಿ ಅವೂ ಒಂದು ಚೀಲ. ಅತ್ತಿಗೆ ಈಗ ಕೈ ನಡುಗುತ್ತೆ, ಕಾದ ಪಾಕ ಎತ್ತಲಾರರು. ಮಕ್ಕಳು ಪುಣೆಯಲ್ಲಿ. ಹಳೇ ಸಾಮಾನಿನ ವ್ಯಾಪಾರಿಯೊಬ್ಬ ಬಂದು, ಬೆಂಗಳೂರಿನ ಹೋಟೆಲಿನ ಗೋಡೆಗೆ ತೂಗುಹಾಕೋಕೆ ಅಂತ ಒಳ್ಳೇ ರೇಟ್ ಹೇಳಿ ಹೋಗಿದ್ದಾನೆ. ಹೋದ ಸಲ ನಾನು ಫೋನಿನಲ್ಲಿ ನನ್ನ ಕಪಾಟಿನ ಫೋಟೋ ತೋರಿಸುತ್ತಿದ್ದೆ.

“ಎಷ್ಟ ಕೊಟ್ಟೀಯಪಾ ಇದಕ್ಕ?” ಅಂದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. “ಡಬ್ಬಿ ಒಡದೇ ಇಲ್ಲಲ್ಲೋ?”

“ಒಡದ್ರ ರೇಟ್ ಬೀಳತೈತಿ ಅತ್ತಿ.”

“ಮತ್ತ ಆಡೂದು ಯಾವಾಗ?” ಅಂದರು. ಆಮೇಲೆ ಚೀಲದ ಕಡೆ ಕೈ ಮಾಡಿ, “ಇವನ್ನ ನೀ ಒಯ್ಯಂಗಿದ್ರ ಒಯ್ಯಿ. ಆದ್ರ ಡಬ್ಬ್ಯಾಗ ಇಡಬ್ಯಾಡ” ಅಂದರು.

ಕಷ್ಟ ಇರೋದು ಇಲ್ಲೇ. ಪ್ರತಿ ವರ್ಷ ನೆನೆದು, ಕಾದ ಪಾಕ ಕುಡಿದು, ಮತ್ತೆ ಒಣಗುವ ಮರ ಸೀಳುತ್ತೆ. ಒಂಟೆಯ ಅಚ್ಚಿನ ಒಂದು ಹೋಳಿಗೆ ಆಗಲೇ ಉದ್ದಕ್ಕೆ ಬಿರುಕು ಬಿದ್ದಿದೆ. ಬಳಸಿದರೆ ಹಾಳಾಗುತ್ತೆ. ಬಳಸದಿದ್ದರೆ ಉಳಿಯುತ್ತೆ, ಆದರೆ ಅದು ಅಚ್ಚಾಗಿ ಉಳಿಯೋದಿಲ್ಲ, ಗೋಡೆಯ ಅಲಂಕಾರವಾಗಿ ಉಳಿಯುತ್ತೆ. ವ್ಯಾಪಾರಿಗೆ ಕೊಟ್ಟರೂ ಅದೇ, ನನ್ನ ಶೋಕೇಸಿಗೆ ತಂದರೂ ಅದೇ. ಸಂಗ್ರಾಹಕನಾಗಿ ನನ್ನ ಒಲವು ಶೋಕೇಸಿನ ಕಡೆಗೇ ಇತ್ತು, ಈಗಲೂ ಪೂರ್ತಿ ಹೋಗಿಲ್ಲ.

ಆದರೆ ಈ ತಿರುಗಾಟದಲ್ಲಿ ನೋಡಿದ್ದನ್ನೆಲ್ಲ ಒಟ್ಟಿಗೆ ಇಟ್ಟು ಯೋಚಿಸಿದಾಗ ಒಂದು ವಿಷಯ ಗಟ್ಟಿಯಾಯಿತು. ಗುಹೆಯ ನರಸಿಂಹ ಕಲ್ಲು ಆಗಿದ್ದಕ್ಕೆ ಉಳಿದ ಅನ್ನೋದು ಅರ್ಧ ಸತ್ಯ. ನರಸಿಂಹ ಅನ್ನೋ ಪಾತ್ರ ಉಳಿದಿದ್ದು ಗುಹೆಯ ಆಚೆ ಅವನನ್ನು ಮರದಲ್ಲಿ, ತೊಗಲಿನಲ್ಲಿ, ಬಣ್ಣದಲ್ಲಿ, ಕಾಮಿಕ್ಸಿನಲ್ಲಿ ಮತ್ತೆ ಮತ್ತೆ ಮಾಡಿದ್ದಕ್ಕೆ. ಜೋಕುಮಾರ ಏಳು ದಿನಕ್ಕೆ ಸತ್ತರೂ ಮರುವರ್ಷ ಬರುತ್ತಾನೆ, ಯಾಕೆಂದರೆ ಅವನನ್ನು ಮಾಡೋದು ಗೊತ್ತಿರುವ ಕೈಗಳು ಇವೆ. ಜಿ.ಐ. ಜೋ ಅಚ್ಚು ಗೋದಾಮಿನಲ್ಲಿ ಕೂತಿದ್ದರೆ ಇವತ್ತು ಸಂಗ್ರಾಹಕರು ಕಣ್ಣರಳಿಸೋ ಆ ವಿಚಿತ್ರ ಬಣ್ಣದ ಜೋಗಳು ಹುಟ್ಟುತ್ತಲೇ ಇರಲಿಲ್ಲ. ಹಾಗಾಗಿ ಹನ್ನೊಂದು ಅಚ್ಚುಗಳ ವಿಷಯದಲ್ಲಿ ನಾನು ಮಾಡಬೇಕಾದ್ದು ಎರಡು ಕೆಲಸ: ಗಟ್ಟಿ ಇರುವುದನ್ನು ಬಳಸೋದು, ಸೀಳಿದ್ದರ ನಕಲು ಮಾಡಿಸೋದು.

ಅಚ್ಚುಗಳು ಈಗ ನನ್ನ ಬೆಂಗಳೂರಿನ ಮನೆಯಲ್ಲಿವೆ. ಒಂದೊಂದನ್ನೂ ಅಳತೆ ಮಾಡಿ, ಒಳಮೈಯ ಫೋಟೋ ತೆಗೆದಿಟ್ಟಿದ್ದೇನೆ. ಇಳಕಲ್ಲಿನ ಒಬ್ಬ ಬಡಿಗೇರರು ಒಂಟೆಯನ್ನು ನೋಡಿ, “ಹೊರಮೈ ಕೆತ್ತೂದು ಸಸಾರ್ರೀ. ಇದು ಒಳಗ ಉಲ್ಟಾ ಕೆತ್ತಬೇಕು, ಟೈಮ್ ಹಿಡೀತೈತಿ” ಅಂದಿದ್ದಾರೆ. ಮಾಡಲ್ಲ ಅಂದಿಲ್ಲ. ಅಲ್ಲಿಯತನಕ ಒಂಟೆಗೆ ರಜೆ. ಈ ಗೌರಿ ಹುಣ್ಣಿಮೆಗೆ ಬಿರುಕಿಲ್ಲದ ತೇರು, ನವಿಲು, ಆನೆ ಮೂರನ್ನು ನವನಗರಕ್ಕೆ ಒಯ್ಯುತ್ತೇನೆ. ಪಾಕದ ಹದ ಅತ್ತಿ ಹೇಳುತ್ತಾರೆ, ಹೊಯ್ಯೋದು ನಾನು. ಮೊದಲ ಬ್ಯಾಚಿನ ರಿವ್ಯೂ ಬರೆಯೋಕೆ ಫೋಟೋ ಬೇಕು. ಅಕ್ಕಪಕ್ಕದ ಹುಡುಗರು ತಿನ್ನೋದರೊಳಗೆ ತೆಗೆದುಕೊಳ್ಳಬೇಕು.